ಬೆಳ್ಳಿ ಎಳೆಯ ಮೇಲೆ ಬೆಳಕಿನ ಓಟ

ಹೊಸೂರಿನಿಂದ ಕೃಷ್ಣಗಿರಿಗೆ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಅಷ್ಟುದ್ದದ ಒಳ್ಳೆಯ ಆಪ್ಟಿಕಲ್ ಫೈಬರಿನಲ್ಲಿ ಅವಕೆಂಪು ಬೆಳಕು ಬಿಟ್ಟರೆ ಹತ್ತನೇ ಒಂದು ಪಾಲು ಆ ತುದಿ ಮುಟ್ಟುತ್ತದೆ. ಸಂದೇಶ ಓದಿಕೊಳ್ಳಲು ಅಷ್ಟು ಧಾರಾಳ. ಆದರೆ ಬೆಳ್ಳಿಯ ನ್ಯಾನೊತಂತಿಗೆ ಕೆಂಪು ಲೇಸರ್ ಹತ್ತಿಸಿದರೆ, ಹತ್ತಾರು ಮೈಕ್ರೊಮೀಟರ್ ಹೋಗುವಷ್ಟರಲ್ಲಿ ಬೆಳಕಿನ ಕಥೆ ಮುಗಿಯಿತು. ತಲೆಗೂದಲ ದಪ್ಪ ದಾಟುವುದೂ ಕಷ್ಟ.

ಹಾಗಿದ್ದೂ ವಿಜ್ಞಾನಿಗಳು ಬೆಳ್ಳಿಯ ಬೆನ್ನು ಬಿದ್ದಿರುವುದು ಜಾಗದ ಇಕ್ಕಟ್ಟಿನಿಂದ. ಮಸೂರ ಎಷ್ಟೇ ಒಳ್ಳೆಯದಿರಲಿ, ಬೆಳಕನ್ನು ಅದರ ಅಲೆಯುದ್ದದ ಸುಮಾರು ಅರ್ಧಕ್ಕಿಂತ ಸಣ್ಣ ಚುಕ್ಕೆಗೆ ಇಳಿಸಲಾರದು. ದೂರಕ್ಕೆ ಸಂದೇಶ ಒಯ್ಯುವ ಫೈಬರಿನ ತಿರುಳೇ ಸುಮಾರು 9 ಮೈಕ್ರೊಮೀಟರ್. ಚಿಪ್‌ನೊಳಗಿನ ಟ್ರಾನ್ಸಿಸ್ಟರ್‌ಗೆ ಅದು ವಿಪರೀತ ದಪ್ಪ.

ಈ ಇಕ್ಕಟ್ಟಿಗೆ ಲೋಹ ಒಂದು ದಾರಿ ಕೊಡುತ್ತದೆ. ಅದರಲ್ಲಿ ಎಲೆಕ್ಟ್ರಾನುಗಳು ಸ್ವತಂತ್ರವಾಗಿ ಓಡಾಡುತ್ತವೆ. ಹೊಸೂರಿನ ಟೈಟನ್ ಕಾರ್ಖಾನೆಯ ವಾಚು ಥಳಥಳಿಸುವುದೂ ಅವುಗಳಿಂದಲೇ. ಸರಿಯಾದ ರೀತಿಯಲ್ಲಿ ಬೆಳಕು ತಾಗಿಸಿದರೆ ಲೋಹದ ಮೈಮೇಲೆ ಎಲೆಕ್ಟ್ರಾನುಗಳು ಸಾಲಾಗಿ ತುಯ್ದಾಡುತ್ತವೆ. ಬೆಳಕು ಆ ತುಯ್ದಾಟಕ್ಕೆ ಅಂಟಿಕೊಂಡು ಸಾಗುತ್ತದೆ. ಇದೇ ಮೇಲ್ಮೈ ಪ್ಲಾಸ್ಮಾನ್. ಇಂಥ ಅಲೆಗಳಿರಬೇಕೆಂದು 1957ರಲ್ಲಿ ಲೆಕ್ಕ ಹಾಕಿ ಹೇಳಿದವರು ಅಮೆರಿಕದ ರೂಫಸ್ ರಿಚಿ. ನ್ಯಾನೊಮೀಟರ್ ದಪ್ಪದ ಲೋಹದೆಳೆಯಲ್ಲೂ ಬೆಳಕನ್ನು ಸಾಗಿಸಬಹುದೆಂದು 1997ರಲ್ಲಿ ಜಪಾನಿನ ತಕಹರ ಮತ್ತು ಸಂಗಡಿಗರು ಲೆಕ್ಕದಲ್ಲಿ ತೋರಿಸಿಕೊಟ್ಟರು.

ಸೂಕ್ಷ್ಮದರ್ಶಕದಡಿ ಇದು ನೋಡುವಂಥ ಆಟ. ನೂರಿನ್ನೂರು ನ್ಯಾನೊಮೀಟರ್ ದಪ್ಪದ ಬೆಳ್ಳಿ ತಂತಿಯ ನಡುವಿಗೆ ಲೇಸರ್ ಬಿಟ್ಟರೆ ಏನೂ ಆಗದು. ತುದಿಗೆ ಬಿಟ್ಟರೆ ಮೈಯೆಲ್ಲ ಕತ್ತಲಾಗಿಯೇ ಉಳಿದು, ಇನ್ನೊಂದು ತುದಿ ಮಾತ್ರ ಫಳ್ಳನೆ ಬೆಳಗುತ್ತದೆ! ಪ್ಲಾಸ್ಮಾನ್ ಅಲೆ ಬಯಲಿನ ಬೆಳಕಿನ ಅಲೆಗಿಂತ ಗಿಡ್ಡ. ಹೀಗಾಗಿ ನುಣುಪು ಮೈಯಲ್ಲಿ ಬೆಳಕು ಹತ್ತಲೂ ಆಗದು, ಇಳಿಯಲೂ ಆಗದು. ಹತ್ತಿಳಿಯುವುದಕ್ಕೆ ತುದಿಯಂಥ ಮುರಿದ ಅಂಚಿನ ನೆರವು ಬೇಕು.

ಬಿಗಿಯಾಗಿ ಹಿಡಿದಷ್ಟೂ ಸುಂಕ ಜಾಸ್ತಿ. ಬೆಳಕು ಲೋಹಕ್ಕೆ ಒತ್ತಿಕೊಂಡಷ್ಟೂ ಎಲೆಕ್ಟ್ರಾನುಗಳ ಡಿಕ್ಕಿಯಲ್ಲಿ ಶಾಖವಾಗಿ ಸೋರುತ್ತದೆ. ಬೆಳ್ಳಿಯಲ್ಲಿ ಈ ಸೋರಿಕೆ ಕಡಿಮೆ ಎಂಬ ಕಾರಣಕ್ಕೇ ಅದಕ್ಕೆ ಬೇಡಿಕೆ.

ಅಷ್ಟು ಗಿಡ್ಡ ಓಟಕ್ಕೂ ಕೆಲಸವಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಪಿಎಚ್‌ಡಿ ಮಾಡಿದ ಜಿ. ವಿ. ಪವನ್ ಕುಮಾರ್ ಅವರ ಪುಣೆಯ ಐಸರ್ ವಿಜ್ಞಾನ ಸಂಸ್ಥೆಯ ತಂಡ, ತಂತಿಯ ಒಂದೆಡೆ ಲೇಸರ್ ಕೊಟ್ಟು ದೂರದ ಇನ್ನೊಂದೆಡೆ ಅಣುಗಳ ರಾಮನ್ ಬೆಳಕನ್ನು ಪಡೆದಿದೆ. ಪ್ರತಿ ಅಣುವಿನ ಗುರುತುಚೀಟಿಯಂಥ ಆ ಬೆಳಕು ಬಲು ಕ್ಷೀಣ. ಬೆಳ್ಳಿಯ ಪಕ್ಕ ಅದು ಹಲವು ಪಟ್ಟು ಹಿಗ್ಗುತ್ತದೆ. ಲೇಸರ್ ನೇರವಾಗಿ ಬೀಳದ್ದರಿಂದ ನಾಜೂಕು ಅಣುಗಳು ಸುಟ್ಟುಹೋಗುವ ಭಯವೂ ಕಡಿಮೆ. ಇಂಥ ಕಡೆ ಹತ್ತು ಮೈಕ್ರೊಮೀಟರ್ ಓಟವೇ ಬೇಕಾದಷ್ಟಾಯಿತು.