ದಿಲ್ಲಿಯ ಬಿಡಾರ

2024ರ ಲೋಕಸಭಾ ಚುನಾವಣೆ ಮುಗಿದ ಹೊಸತರಲ್ಲಿ ಒಂದು ದಿನ ತರಗತಿಯಲ್ಲಿ ಹಳಗನ್ನಡದ ಶಾಸನವೊಂದನ್ನು ಓದಿಸುತ್ತಿದ್ದೆನು. ನಡುವೆ ‘ನೆಲೆವೀಡು’ ಎಂಬ ಮಾತು ಬಂದಿತು. ಅರಸನು ಪರಿವಾರ ಸಮೇತನಾಗಿ ತಂಗುವ ಸ್ಥಳ ಬೀಡು. ಅಲ್ಲಿಯೇ ನೆಲೆ ನಿಂತು ಆಳತೊಡಗಿದರೆ ಅದು ನೆಲೆವೀಡು ಎಂದು ವಿವರಿಸಿದೆನು. ಹಿಂದಿನ ಬೆಂಚಿನಲ್ಲಿದ್ದ ಬೆಳಂಬಾರದ ಹುಡುಗನೊಬ್ಬ ಎದ್ದು ನಿಂತು, “ಹಾಗಾದರೆ ನಮ್ಮ ಎಂ.ಪಿ. ದಿಲ್ಲಿಗೆ ಹೋದಾಗ ಅವರ ಬೀಡು ಎಲ್ಲಿ, ಸರ್?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಹುಡುಗ ನಗಲಿಲ್ಲ. ಅವನ ತಂದೆ ಮೀನುಗಾರಿಕೆಯ ಬೋಟಿನಲ್ಲಿ ದುಡಿಯುವವರು. ತಿಂಗಳುಗಟ್ಟಲೆ ರತ್ನಾಗಿರಿಯ ಕಡೆಗೆ ಹೋಗಿ, ದುಡಿಯುವ ಬೋಟಿನಲ್ಲೇ ಮಲಗಿ ಏಳುವವರು. ಊರು ಬಿಟ್ಟು ದುಡಿಯುವವನು ಎಲ್ಲಿ ಮಲಗುತ್ತಾನೆ ಎಂಬುದು ಆ ಮನೆಯಲ್ಲಿ ದಿನನಿತ್ಯದ ಪ್ರಶ್ನೆ. ಅದನ್ನೇ ಅವನು ಲೋಕಸಭೆಯ ಸದಸ್ಯರನ್ನು ಕುರಿತು ಕೇಳಿದ್ದನು.

ಪ್ರಶ್ನೆ ಕ್ಷುಲ್ಲಕವಾದುದಲ್ಲ. ಅಂಕೋಲೆಯಿಂದ ದಿಲ್ಲಿಗೆ ಸುಮಾರು ಎರಡು ಸಾವಿರ ಕಿಲೋಮೀಟರುಗಳ ದಾರಿ. ವರ್ಷದಲ್ಲಿ ಸಾಮಾನ್ಯವಾಗಿ ಮೂರು ಅಧಿವೇಶನಗಳು. ಮನೆಯೊಂದು ಕಡೆ, ಕೆಲಸವೊಂದು ಕಡೆ. ಆರಿಸಿ ಕಳಿಸಿದ ಜನ ಇಲ್ಲಿ, ಅವರ ಪರವಾಗಿ ಆಡಬೇಕಾದ ಮಾತು ಅಲ್ಲಿ. ಈ ಎರಡರ ನಡುವೆ ಪ್ರತಿನಿಧಿಗೆ ಬೇಕಾದುದು ಮನೆಯಲ್ಲ, ಬಿಡಾರ. ಯಕ್ಷಗಾನ ಮೇಳದ ಬಿಡಾರವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟ ಇರುವಷ್ಟು ದಿನ ಬಿಡಾರ. ಆಟ ಮುಗಿದರೆ ಪೆಟ್ಟಿಗೆ ಮುಂದಿನ ಊರಿಗೆ.

ಈ ಬಿಡಾರದ ಕಥೆ ದಿಲ್ಲಿಗಿಂತ ಹಳೆಯದು. ರಾಜಧಾನಿ ಕಲಕತ್ತೆಯಲ್ಲಿದ್ದಾಗ ವೈಸರಾಯರ ಶಾಸನ ಸಭೆಗೆ ಪುಣೆಯಿಂದ ಹೋಗುತ್ತಿದ್ದವರು ಗೋಪಾಲಕೃಷ್ಣ ಗೋಖಲೆ. ಅವರು ನಮ್ಮ ಕರಾವಳಿಯ ಮುಂದಿನ ತುಂಡಾದ ಕೊಂಕಣದ, ರತ್ನಾಗಿರಿ ಸೀಮೆಯಲ್ಲಿ 1866ರಲ್ಲಿ ಹುಟ್ಟಿದವರು. 1901ರ ಕೊನೆಯಲ್ಲಿ ಕಲಕತ್ತೆಯ ಕಾಂಗ್ರೆಸ್ಸಿಗೆಂದು ಬಂದಿದ್ದ ಗಾಂಧಿಯವರನ್ನು ಗೋಖಲೆಯವರು ಕರೆದೊಯ್ದು ತಮ್ಮಲ್ಲಿ ಇರಿಸಿಕೊಂಡರು. ಗಾಂಧಿಯವರು ಅಲ್ಲಿ ಸುಮಾರು ಒಂದು ತಿಂಗಳು ಉಳಿದರು. ಟ್ರಾಮ್ ಬಿಟ್ಟು ಕುದುರೆಗಾಡಿಯಲ್ಲಿ ಓಡಾಡುವುದೇಕೆಂದು ಅತಿಥಿಯು ಆತಿಥೇಯರನ್ನು ಕೇಳಿದುದನ್ನೂ, ಹೆಸರು ಬೆಳೆದ ಮೇಲೆ ಟ್ರಾಮಿನಲ್ಲಿ ಓಡಾಡುವುದು ಕಷ್ಟವೆಂದು ಅವರು ನೊಂದು ಉತ್ತರಿಸಿದುದನ್ನೂ ಗಾಂಧಿಯವರ ಆತ್ಮಕಥೆ ಓದಿದವರು ಬಲ್ಲರು. ಪ್ರತಿನಿಧಿಯ ಬಿಡಾರದಲ್ಲಿ ಅಂದಿನಿಂದಲೂ ಎರಡು ಕಣ್ಣುಗಳು ನೆಟ್ಟಿವೆ: ಬಂದವರಿಗೆ ಅಲ್ಲಿ ಎಡೆಯಿದೆಯೇ ಎಂಬುದೊಂದು, ಇರುವವನು ಹೇಗೆ ಬದುಕುತ್ತಾನೆ ಎಂಬುದಿನ್ನೊಂದು.

1911ರಲ್ಲಿ ರಾಜಧಾನಿಯನ್ನು ದಿಲ್ಲಿಗೆ ಸಾಗಿಸುವುದಾಗಿ ಸಾರಲಾಯಿತು. ಹೊಸದಿಲ್ಲಿಯ ಉದ್ಘಾಟನೆ 1931ರಲ್ಲಿ ಆಯಿತು. ಶಾಸಕರು ತಂಗುವುದಕ್ಕಾಗಿ ಕ್ವೀನ್ಸ್‌ವೇ, ಅಂದರೆ ಇಂದಿನ ಜನಪಥದ ಮೇಲೆ, ಕಂಬಸಾಲುಗಳ ವೆಸ್ಟರ್ನ್ ಕೋರ್ಟ್ ಎದ್ದಿತು. ಆದರೆ ಆ ಕಾಲದ ಸಭೆ ಚಿಕ್ಕದು. ಮತದಾರರು ಕೆಲವರು, ಸದಸ್ಯರಲ್ಲಿ ಉಳ್ಳವರು ಹಲವರು. 1952ರಲ್ಲಿ ಎಲ್ಲ ವಯಸ್ಕರ ಮತದಿಂದ ಲೋಕಸಭೆಗೆ 489 ಜನ ಆರಿಸಿ ಬಂದಾಗ ಸ್ಥಿತಿ ಬೇರೆಯಾಯಿತು. ಹಳ್ಳಿಯ ಶಿಕ್ಷಕ, ರೈತ, ಕಾರ್ಮಿಕ ಸಂಘದ ಕಾರ್ಯಕರ್ತ, ಸೆರೆಮನೆಯಿಂದ ಬಂದ ಸತ್ಯಾಗ್ರಹಿ ಇವರಿಗೆಲ್ಲ ದಿಲ್ಲಿಯಲ್ಲಿ ಬಾಡಿಗೆಯ ಮನೆ ಹಿಡಿಯುವ ಶಕ್ತಿ ಎಲ್ಲಿಯದು? 1954ರ ಕಾಯಿದೆ ಗೊತ್ತುಪಡಿಸಿದ ಸಂಬಳ ತಿಂಗಳಿಗೆ 400 ರೂಪಾಯಿ. ಅಧಿವೇಶನದ ದಿನಗಳಿಗೆ ಭತ್ಯೆ ದಿನಕ್ಕೆ 21 ರೂಪಾಯಿ. ರಾಷ್ಟ್ರಪತಿ ಭವನದ ಎರಡು ಮಗ್ಗುಲುಗಳಲ್ಲಿ ನಾರ್ತ್ ಅವೆನ್ಯೂ, ಸೌತ್ ಅವೆನ್ಯೂಗಳ ಫ್ಲ್ಯಾಟುಗಳು ಸದಸ್ಯರ ಬಿಡಾರಗಳಾದವು. ವಸತಿ ಮತ್ತು ಟೆಲಿಫೋನಿನ ಸೌಕರ್ಯಗಳ ನಿಯಮಗಳು 1956ರಲ್ಲಿ ಬಂದವು. ಯಾರಿಗೆ ಯಾವ ಮನೆಯೆಂಬುದನ್ನು ಎರಡು ಸದನಗಳ ವಸತಿ ಸಮಿತಿಗಳು ನೋಡಿಕೊಳ್ಳುತ್ತವೆ. ಅವಧಿ ಮುಗಿಯುವವರೆಗೆ ಫ್ಲ್ಯಾಟಿಗೆ ಬಾಡಿಗೆಯಿಲ್ಲ. ಕೇಳಿ ಬಂಗಲೆ ಪಡೆದವರು ಶುಲ್ಕ ತೆರಬೇಕು.

ಇದನ್ನು ಸವಲತ್ತೆಂದು ಹಳಿಯುವವರು ಉಂಟು. ಅವರು ಒಂದು ಮಾತನ್ನು ಮರೆಯುತ್ತಾರೆ. ಬಿಡಾರವಿಲ್ಲದಿದ್ದರೆ ದಿಲ್ಲಿಯಲ್ಲಿ ಸ್ವಂತ ಮನೆಯಿರುವವನು ಮಾತ್ರ ಸಂಸತ್ತಿಗೆ ಹೋಗಬಲ್ಲನು. ಇಲ್ಲವೆ ಮನೆಯನ್ನು ಕೊಡಿಸುವ ಧಣಿಯುಳ್ಳವನು. ಧಣಿಯ ಮನೆಯಲ್ಲಿ ಮಲಗಿದವನು ಮರುದಿನ ಸಭೆಯಲ್ಲಿ ಯಾರ ಪರವಾಗಿ ಮಾತನಾಡಿಯಾನು?

ನಮ್ಮ ಅಂಕೋಲೆಗೆ ಇದರ ಒಳ್ಳೆಯ ದೃಷ್ಟಾಂತ ಮನೆಯಲ್ಲೇ ಇದೆ. ನಮ್ಮ ಕ್ಷೇತ್ರವನ್ನು 1952ರಿಂದ ಮೂರು ಅವಧಿ ಪ್ರತಿನಿಧಿಸಿದವರು ಜೋಕಿಂ ಆಳ್ವರು. ಅವರ ಪತ್ನಿ ವಯೊಲೆಟ್ ಆಳ್ವರು ಅದೇ ಕಾಲದಲ್ಲಿ ರಾಜ್ಯಸಭೆಯಲ್ಲಿದ್ದು, 1962ರಲ್ಲಿ ಅದರ ಉಪಸಭಾಪತಿಗಳಾದರು. ಗಂಡ ಒಂದು ಸದನದಲ್ಲಿ, ಹೆಂಡತಿ ಇನ್ನೊಂದರಲ್ಲಿ. ಇಂಥ ಯೋಗ ಎಲ್ಲರಿಗೂ ಬರುವುದಲ್ಲ. ಹೆಚ್ಚಿನ ಸದಸ್ಯರ ಸಂಸಾರ ಊರಿನಲ್ಲೇ ಉಳಿಯುತ್ತದೆ.

1967ರಲ್ಲಿ ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದು ಲೋಕಸಭೆಗೆ ಹೋದವರು ಅಂಕೋಲೆಯವರೇ ಆದ ದಿನಕರ ದೇಸಾಯಿಯವರು. ಚುಟುಕಗಳ ಕವಿಯೆಂದು ನಾಡು ಅವರನ್ನು ಬಲ್ಲುದು. ಗೇಣಿದಾರ ರೈತರನ್ನು ಸಂಘಟಿಸಿದ ತಪ್ಪಿಗೆ ಬ್ರಿಟಿಷ್ ಸರಕಾರ ಅವರನ್ನು 1940ರಿಂದ ಐದು ವರ್ಷ ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಯಾವ ಜಿಲ್ಲೆಗೆ ಕಾಲಿಡಬಾರದೆಂದು ಒಮ್ಮೆ ಆಜ್ಞೆಯಾಗಿತ್ತೋ, ಆ ಜಿಲ್ಲೆಯ ಪರವಾಗಿಯೇ ಮುಂದೆ ಅವರು ದಿಲ್ಲಿಯಲ್ಲಿ ಕುಳಿತರು. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿ ಸ್ವಂತಕ್ಕೆ ಆಸ್ತಿ ಕೂಡಿಸದೆ ಬದುಕಿದವರು ಅವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿದರು. 1966ರಲ್ಲಿ, ಗೋಖಲೆಯವರು ಹುಟ್ಟಿದ ನೂರನೆಯ ವರ್ಷದಲ್ಲಿ, ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ತೆರೆಯಿತು. ಕಲಕತ್ತೆಯ ಆ ಹಳೆಯ ಬಿಡಾರದ ನೆನಪು ಹೀಗೆ ಬಳಸುದಾರಿಯಲ್ಲಿ ನಮ್ಮೂರಿಗೆ ಬಂದು ತಲುಪಿತು.

ಆಗ ಕರಾವಳಿಗೆ ರೈಲಿರಲಿಲ್ಲ. ಕೊಂಕಣ ರೈಲ್ವೆ ಪೂರ್ಣವಾದದ್ದು 1998ರಲ್ಲಿ. ದಿಲ್ಲಿಗೆ ಹೋಗುವವನು ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯಬೇಕು. ಅದೇ ಲೋಕಸಭೆಯಲ್ಲಿ ಶಿವಮೊಗ್ಗೆಯ ಜೆ. ಎಚ್. ಪಟೇಲರು ಕನ್ನಡದಲ್ಲಿ ಮಾತನಾಡಿ, ಹಾಗೆ ಮಾಡಿದ ಮೊದಲಿಗರೆನಿಸಿದರು. ದೂರದ ಬಿಡಾರದಲ್ಲಿದ್ದವನಿಗೆ ಊರಿನ ಮಾತು ಎಷ್ಟು ಹತ್ತಿರವೆಂಬುದು ಅದರಿಂದ ತಿಳಿಯುತ್ತದೆ.

ಇಂಥ ಬಿಡಾರದ ಒಳಗನ್ನು ನಾನೂ ಒಮ್ಮೆ ಕಂಡಿದ್ದೇನೆ. ಎಂ.ಎ. ಮುಗಿಸಿದ ಮರುವರ್ಷ ಸಂದರ್ಶನವೊಂದಕ್ಕಾಗಿ ದಿಲ್ಲಿಗೆ ಹೋದಾಗ, ಪರಿಚಯದವರೊಬ್ಬರ ಚೀಟಿ ಹಿಡಿದು ನಾರ್ತ್ ಅವೆನ್ಯೂವಿನಲ್ಲಿ ಕರ್ನಾಟಕದ ಸದಸ್ಯರೊಬ್ಬರ ಫ್ಲ್ಯಾಟಿಗೆ ಹೋಗಿ ಇಳಿದೆನು. ಹಾಲಿನಲ್ಲಿ ಚಾಪೆಗಳು. ಮಗುವನ್ನು ದೊಡ್ಡ ಆಸ್ಪತ್ರೆಗೆ ತೋರಿಸಲು ಬಂದ ತಂದೆ, ಪಿಂಚಣಿಯ ಕಾಗದಗಳ ಕಟ್ಟು ಹಿಡಿದ ಮುದುಕರು, ನನ್ನಂಥ ಇಬ್ಬರು ಹುಡುಗರು. ಅಡಿಗೆಯವನು ಬೆಳಿಗ್ಗೆ ಎಲ್ಲರಿಗೂ ಅವಲಕ್ಕಿ ಕೊಟ್ಟನು. ಡಿಸೆಂಬರಿನ ಚಳಿ, ರಾತ್ರಿ ತಡವಾಗಿ ಬಂದ ಸದಸ್ಯರು ಕಂಬಳಿ ಎಲ್ಲರಿಗೂ ಸಿಕ್ಕಿತೇ ಎಂದು ಕೇಳಿ ತಮ್ಮ ಕೋಣೆಗೆ ಹೋದರು. ಅವರ ಭಾಷಣವನ್ನು ನಾನು ಎಂದೂ ಕೇಳಿದವನಲ್ಲ. ಆ ಕಂಬಳಿಯ ಮಾತು ಮಾತ್ರ ಇಂದಿಗೂ ನೆನಪಿದೆ.

ಈಗ ದಿಲ್ಲಿ ಮೇಲಕ್ಕೆ ಬೆಳೆಯುತ್ತಿದೆ. 2020ರಲ್ಲಿ ಎಂಟು ಹಳೆಯ ಬಂಗಲೆಗಳ ಜಾಗದಲ್ಲಿ 76 ಫ್ಲ್ಯಾಟುಗಳು ಎದ್ದವು. 2025ರ ಆಗಸ್ಟಿನಲ್ಲಿ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ಇನ್ನೂ 184 ತೆರೆದವು. ಅಲ್ಲಿನ ನಾಲ್ಕು ಗೋಪುರಗಳಿಗೆ ನದಿಗಳ ಹೆಸರು. ಅವುಗಳಲ್ಲಿ ಒಂದು ನಮ್ಮ ಕೃಷ್ಣೆ. ಕಚೇರಿಗೂ ಸಿಬ್ಬಂದಿಗೂ ಅಲ್ಲಿ ಎಡೆಯುಂಟು. ಚಾಪೆ ಹಾಸುವವರಿಗೂ ಉಂಟೇ ಎಂಬುದನ್ನು ಒಳಗಿರುವವರೇ ತೀರ್ಮಾನಿಸಬೇಕು.

ಎಲ್ಲ ದೇಶಗಳಲ್ಲೂ ಒಂದೇ ಕ್ರಮವಿಲ್ಲ. ಸ್ವೀಡನ್ನಿನಲ್ಲಿ ದೂರದ ಸದಸ್ಯರಿಗೆ ಸರಕಾರ ಕೊಡುವುದು ಪುಟ್ಟ ವಸತಿ. ಅಮೆರಿಕೆಯಲ್ಲಿ ಕಾಂಗ್ರೆಸ್ ಸದಸ್ಯರಿಗೆ ಮನೆಯನ್ನೇ ಕೊಡುವುದಿಲ್ಲ. ಕೆಲವರು ಕಚೇರಿಯಲ್ಲೇ ಮಂಚ ಹಾಕಿ ಮಲಗುತ್ತಾರೆ. ನಮ್ಮ ಕಷ್ಟ ಬೇರೆ ಬಗೆಯದು: ಕೊಡುವುದು ಸುಲಭ, ಬಿಡಿಸುವುದು ಕಠಿಣ. ಸದಸ್ಯತ್ವ ಹೋದ ಮೇಲೆ ಉಳಿಯಲು ನಿಯಮ ಕೊಡುವ ಅವಕಾಶ ಒಂದು ತಿಂಗಳು. ಆದರೂ ಸೋತವರು ಬಿಡದೆ, ಗೆದ್ದು ಬಂದವರು ಹೋಟೆಲುಗಳಲ್ಲಿ ಕಾಯ್ದ ಪ್ರಸಂಗಗಳು ಹಲವು. ಸರಕಾರಿ ವಸತಿಯಿಂದ ಬೇಗನೆ ಬಿಡಿಸಲೆಂದು 2019ರಲ್ಲಿ ಕಾಯಿದೆಯನ್ನೇ ತಿದ್ದಬೇಕಾಯಿತು. ‘ಬೀಡು’ ಎಂಬ ಮಾತಿಗೆ ‘ಬಿಡು’ ಎಂಬ ಧಾತು ಎಷ್ಟು ಹತ್ತಿರವೆಂಬುದನ್ನು ಅಂಥವರಿಗೆ ಯಾರಾದರೂ ಕಲಿಸಬೇಕು.

ಹುಡುಗನಿಗೆ ಅಂದು ಗಂಟೆ ಹೊಡೆಯುವುದರೊಳಗೆ ಇಷ್ಟೆಲ್ಲ ಹೇಳಲಾಗಲಿಲ್ಲ. ಮರುದಿನ ಕರೆದು ಹೇಳಿದೆನು. ಅವನು ಎಲ್ಲವನ್ನೂ ಕೇಳಿ, “ಹಾಗಾದರೆ ನಮ್ಮ ಕೇರಿಯವರು ಗೆದ್ದರೂ ಅಲ್ಲಿ ಇರಬಹುದು, ಅಲ್ಲವೇ ಸರ್?” ಎಂದನು. ಇರಬಹುದು ಎಂದೆನು. ಹಾಗೆ ಹೇಳುವುದಕ್ಕೆ ಬರುತ್ತದೆಂಬ ಒಂದೇ ಕಾರಣಕ್ಕಾಗಿ ಆ ಬಿಡಾರ ನಮಗೆ ಬೇಕು. ಅದು ನೆಲೆವೀಡಾಗದಂತೆ ಕಾಯುವ ಕೆಲಸ ಅವನದೂ ಹೌದು, ನಮ್ಮದೂ ಹೌದು.