ಇಂಡಿಗೆ 12, ಬಾಗೇವಾಡಿಗೆ 37: ಸಿ ಭಾಷೆಯ ಅಕ್ಷರ ಲೆಕ್ಕ

ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರು ಒಂದು ಅಂಕಿ ಮುದ್ರಿಸಬೇಕು. ಸಿ ಭಾಷೆ ಕಲಿಯುವವರಿಗೆ ಇದು ಆರಂಭದ ಅಭ್ಯಾಸ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಅಂಕಿಗಳು ನೆಟ್ಟಗೆ ಸಾಲಾಗಿ ನಿಲ್ಲುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಕನ್ನಡದಲ್ಲೇ ಕೊಟ್ಟರೆ ಅದೇ ಪ್ರೋಗ್ರಾಂ ಸಾಲು ಕೆಡಿಸುತ್ತದೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಸಿ ಭಾಷೆಯಲ್ಲಿ ಮುದ್ರಿಸಲು ಪ್ರಿಂಟ್‌ಎಫ್, ಓದಿಕೊಳ್ಳಲು ಸ್ಕ್ಯಾನ್‌ಎಫ್ ಇವೆ. ಶೇಕಡಾ ಗುರುತಿನ ಜೊತೆ ‘ಡಿ’ ಬರೆದರೆ ಪೂರ್ಣಾಂಕ, ‘ಎಫ್’ ಬರೆದರೆ ದಶಮಾಂಶ, ‘ಎಸ್’ ಬರೆದರೆ ಪಠ್ಯ. ನಡುವೆ 20 ಎಂದು ಸೇರಿಸಿದರೆ ಅಷ್ಟು ಅಗಲದ ಜಾಗ ಮೀಸಲು. ಅದರ ಹಿಂದೆ ಕಳೆಯುವ ಗುರುತಿದ್ದರೆ ಪಠ್ಯ ಎಡಕ್ಕೆ ಒತ್ತಿ ನಿಲ್ಲುತ್ತದೆ, ಉಳಿದ ಜಾಗಕ್ಕೆ ಖಾಲಿ ತುಂಬುತ್ತದೆ.

ತೊಡಕಿರುವುದು ಈ 20ರಲ್ಲಿ. ಪ್ರಿಂಟ್‌ಎಫ್ ಎಣಿಸುವುದು ಬೈಟ್‌ಗಳನ್ನು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಪ್ರತಿಯೊಂದಕ್ಕೂ ಮೂರು ಬೈಟ್ ಬೇಕು.

ಹೀಗಾಗಿ ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ಇಂಡಿ 12 ಬೈಟ್. ಸಿಂದಗಿ 18. ಮುದ್ದೇಬಿಹಾಳ 33. ನಡುವಿನ ಖಾಲಿ ಜಾಗವೂ ಸೇರಿ ಬಸವನ ಬಾಗೇವಾಡಿ 37. ಅಗಲ 20 ಇದ್ದಾಗ ಇಂಡಿಯ ಮುಂದೆ 8 ಖಾಲಿ ಬೀಳುತ್ತವೆ, ಸಿಂದಗಿಯ ಮುಂದೆ 2. ಮುದ್ದೇಬಿಹಾಳ ಮತ್ತು ಬಾಗೇವಾಡಿಗೆ ಒಂದೂ ಇಲ್ಲ. ಅಂಕಿ ಹೆಸರಿಗೇ ಅಂಟಿಕೊಳ್ಳುತ್ತದೆ.

ಓದುವಾಗಿನ ಅಪಾಯ ಇನ್ನೂ ದೊಡ್ಡದು. ಸ್ಕ್ಯಾನ್‌ಎಫ್ ‘ಎಸ್’ ಗುರುತಿನಡಿ ಖಾಲಿ ಜಾಗ ಸಿಕ್ಕೊಡನೆ ನಿಲ್ಲುತ್ತದೆ. ‘ಬಸವನ’ ಒಳಗೆ ಬರುತ್ತದೆ, ‘ಬಾಗೇವಾಡಿ’ ಹೊರಗೇ ಕಾಯುತ್ತದೆ; ಮುಂದೆ ಅಂಕಿ ಕೇಳಿದಾಗ ಸಿಗುವುದು ಆ ಉಳಿದ ಪದ, ಓದು ವಿಫಲ. ಜೊತೆಗೆ 20 ಬೈಟ್‌ನ ಜಾಗದಲ್ಲಿ ಮುದ್ದೇಬಿಹಾಳವನ್ನು ತುಂಬಿದರೆ ಪಕ್ಕದ ಸ್ಮೃತಿ ಕೆಡುತ್ತದೆ. ಪಠ್ಯ ಮುಗಿಯಿತೆಂದು ತಿಳಿಸುವ ಸೊನ್ನೆ ಬೈಟೂ ಸೇರಿ ಅದಕ್ಕೆ 34 ಬೇಕು. ಇಡೀ ಸಾಲು ಓದುವ ಎಫ್‌ಗೆಟ್ಸ್‌ಗೆ ಜಾಗದ ಅಳತೆಯನ್ನು ಮೊದಲೇ ಹೇಳಬೇಕಾದ್ದರಿಂದ ಅದು ಗಡಿ ದಾಟುವುದಿಲ್ಲ.

ಮುದ್ರಣಕ್ಕೆ ಪೂರ್ತಿ ಪರಿಹಾರ ಸುಲಭವಲ್ಲ. 1995ರಲ್ಲಿ ಸಿ ಮಾನಕಕ್ಕೆ ಸೇರಿದ ಡಬ್ಲ್ಯೂಪ್ರಿಂಟ್‌ಎಫ್ ಬೈಟ್ ಬಿಟ್ಟು ಸಂಕೇತಗಳನ್ನು ಎಣಿಸುತ್ತದೆ. ಆದರೂ ಇಂಡಿ ಅದಕ್ಕೆ ನಾಲ್ಕು, ಓದುಗರಿಗೆ ಎರಡು. ಸಾಲದ್ದಕ್ಕೆ ಕನ್ನಡ ಅಕ್ಷರಗಳ ಅಗಲವೂ ಒಂದೇ ಸಮನಲ್ಲ.

ಲ್ಯಾಬ್‌ಗಳಲ್ಲಿ ಇಂಗ್ಲಿಷ್ ಹೆಸರುಗಳನ್ನಷ್ಟೇ ಟೈಪು ಮಾಡುವ ವಿದ್ಯಾರ್ಥಿಗೆ ಇದೊಂದೂ ಕಾಣದು. ತಾಲ್ಲೂಕು ಕಚೇರಿಯ ಕನ್ನಡ ಪಟ್ಟಿಯೊಂದು ಕೈಗೆ ಬಂದ ದಿನವೇ ಎದುರಾಗುತ್ತದೆ. ಅಂಥ ಪಟ್ಟಿಗೆ ಪ್ರಾಯೋಗಿಕ ದಾರಿಯೊಂದಿದೆ: ಹೆಸರು ಮತ್ತು ಅಂಕಿಗಳ ನಡುವೆ ಅಲ್ಪವಿರಾಮ ಹಾಕಿ ಫೈಲಿಗೆ ಬರೆಯುವುದು, ಅಂಕಣಗಳನ್ನು ಜೋಡಿಸುವ ಕೆಲಸವನ್ನು ಸ್ಪ್ರೆಡ್‌ಶೀಟ್‌ಗೆ ಬಿಡುವುದು.