ಸೆಪ್ಸಿಸ್: ಸಣ್ಣ ಆಸ್ಪತ್ರೆಯಲ್ಲೂ ಮೊದಲ ಚಿಕಿತ್ಸೆ ಸಾಧ್ಯ

ಠಾಣೆಯ ವಾಗ್ಳೆ ಎಸ್ಟೇಟ್‌ನಲ್ಲಿ ನಿಮ್ಮ ಮನೆ ಎಂದುಕೊಳ್ಳಿ. ಮಳೆಗಾಲ. ಊರಿನಿಂದ ಬಂದಿರುವ ತಾಯಿಗೆ ಮೂರು ದಿನದಿಂದ ಜ್ವರ. ಈ ರಾತ್ರಿ ಅವರು ಏದುಸಿರು ಬಿಡುತ್ತಿದ್ದಾರೆ, ಏನೇನೋ ಮಾತಾಡುತ್ತಿದ್ದಾರೆ, ಮಧ್ಯಾಹ್ನದಿಂದ ಮೂತ್ರ ಹೋಗಿಲ್ಲ. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಐಸಿಯು ಇಲ್ಲ. ಅಲ್ಲಿಗೆ ಹೋಗಿ ಪ್ರಯೋಜನವಿದೆಯೇ? ಇದೆ.

ಸೆಪ್ಸಿಸ್ ಎಂದರೇನು?

ಸೋಂಕಿನ ವಿರುದ್ಧ ಹೋರಾಡುವಾಗ ದೇಹದ ಪ್ರತಿಕ್ರಿಯೆ ಹದ ತಪ್ಪಿ, ತನ್ನದೇ ಅಂಗಗಳಿಗೆ ಹಾನಿ ಮಾಡುವ ಸ್ಥಿತಿಯೇ ಸೆಪ್ಸಿಸ್. ನ್ಯುಮೋನಿಯಾ, ಮೂತ್ರದ ಸೋಂಕು, ಕೀವು ತುಂಬಿದ ಗಾಯ, ಯಾವುದರಿಂದಲೂ ಬರಬಹುದು. ಬಿಪಿ ತೀರಾ ಕುಸಿದರೆ ಅದು ಸೆಪ್ಟಿಕ್ ಶಾಕ್. 2017ರಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಸಾವುಗಳು ಸೆಪ್ಸಿಸ್‌ಗೆ ಸಂಬಂಧಿಸಿದ್ದವು ಎಂದು ಅಂದಾಜಿಸಲಾಗಿದೆ.

ಯಾವಾಗ ಅನುಮಾನಿಸಬೇಕು?

ಸೋಂಕಿನ ಜೊತೆಗೆ ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ:

• ಹೊಸದಾಗಿ ಗೊಂದಲ, ಅತಿಯಾದ ಮಂಪರು
• ವಯಸ್ಕರಲ್ಲಿ ನಿಮಿಷಕ್ಕೆ 22 ಅಥವಾ ಹೆಚ್ಚು ಉಸಿರು
• ತಣ್ಣಗಾದ, ಬಣ್ಣಗೆಟ್ಟ ಕೈಕಾಲು
• ಮೂತ್ರ ತೀರಾ ಕಡಿಮೆ

ವಯಸ್ಸಾದವರಲ್ಲಿ ಜ್ವರವೇ ಇಲ್ಲದಿರಬಹುದು. ಇನ್ನೊಂದು ಮಾತು: ಕನ್ನಡ ಮಾತ್ರ ಬಲ್ಲ ತಾಯಿ ಮರಾಠಿಯ ಪ್ರಶ್ನೆಗೆ ಉತ್ತರಿಸದಿದ್ದರೆ, ಭಾಷೆ ತಿಳಿಯದೆ ಸುಮ್ಮನಿದ್ದಾರೋ ಗೊಂದಲದಲ್ಲಿದ್ದಾರೋ ಎಂದು ಡಾಕ್ಟರಿಗೆ ಗೊತ್ತಾಗದು. ‘ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದರು’ ಎಂದು ನೀವೇ ಹೇಳಬೇಕು.

ಸಣ್ಣ ಆಸ್ಪತ್ರೆಯಲ್ಲಿ ಏನು ಮಾಡಬಹುದು?

ಮೊದಲ ಗಂಟೆಗೆ ದೊಡ್ಡ ಯಂತ್ರಗಳು ಬೇಕಿಲ್ಲ. ಆಮ್ಲಜನಕ, ಸಲೈನ್, ಆ್ಯಂಟಿಬಯಾಟಿಕ್ ಇಂಜೆಕ್ಷನ್, ಬಿಪಿ ನೋಡುವ ಸಾಧನ ಮತ್ತು ಪದೇ ಪದೇ ಬಂದು ನೋಡುವ ನರ್ಸ್ ಇದ್ದರೆ ಚಿಕಿತ್ಸೆ ಶುರುವಾಗುತ್ತದೆ. ಶಾಕ್ ಇದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕು ಎನ್ನುತ್ತದೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಸಾಧ್ಯವಾದರೆ ಅದಕ್ಕೂ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯುತ್ತಾರೆ. ಆದರೆ ಅದಕ್ಕಾಗಿ ಔಷಧಿ ತಡವಾಗಬಾರದು.

ಲ್ಯಾಕ್ಟೇಟ್ ಪರೀಕ್ಷೆಯ ಸೌಲಭ್ಯ ಇಲ್ಲದ ಕಡೆ, ಡಾಕ್ಟರು ಬೆರಳ ತುದಿಯನ್ನು 10 ಸೆಕೆಂಡು ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಸಾಲುತ್ತಿಲ್ಲ ಎಂದರ್ಥ.

ಸಲೈನ್ ಹೆಚ್ಚು ಹಾಕಿದಷ್ಟೂ ಒಳ್ಳೆಯದೇ?

ಅಲ್ಲ. ಜಾಂಬಿಯಾದ ಆಸ್ಪತ್ರೆಯೊಂದರಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಗಂಟೆಗಳಲ್ಲಿ ಹೆಚ್ಚು ದ್ರವ ಕೊಡುವ ಕ್ರಮ ಅನುಸರಿಸಿದವರಲ್ಲಿ ಶೇ. 48ರಷ್ಟು ಮಂದಿ ಸತ್ತರು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 33. ಅಲ್ಲಿನ ಹೆಚ್ಚಿನ ರೋಗಿಗಳಿಗೆ ಎಚ್‌ಐವಿಯೂ ಇತ್ತು, ಆದ್ದರಿಂದ ಆ ಅಂಕಿ ಎಲ್ಲರಿಗೂ ಹೊಂದದು. ಆದರೂ ಪಾಠ ಸ್ಪಷ್ಟ: ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ವೆಂಟಿಲೇಟರ್ ಇಲ್ಲದ ಕಡೆ ಉಳಿಸುವುದು ಕಷ್ಟ. ಹಾಗಾಗಿ ಡಾಕ್ಟರು ಸಲೈನ್ ನಿಧಾನ ಮಾಡಿದರೆ ಅದು ನಿರ್ಲಕ್ಷ್ಯವಲ್ಲ.

ನೀವು ಏನು ಹೇಳಬೇಕು, ಏನು ಗಮನಿಸಬೇಕು?

ಮಳೆನೀರಿನಲ್ಲಿ ನಡೆದಿದ್ದರೆ ಮರೆಯದೆ ಹೇಳಿ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ. 2005ರ ಪ್ರವಾಹದ ನಂತರ ಮುಂಬಯಿ ಅದನ್ನು ಕಂಡಿದೆ. ಮಲೇರಿಯಾ, ಡೆಂಗಿಯೂ ಹೀಗೆಯೇ ಕಾಣಿಸಬಹುದು, ಆದರೆ ಚಿಕಿತ್ಸೆ ಬೇರೆ. ಸಕ್ಕರೆ ಕಾಯಿಲೆ, ಔಷಧಿಯ ಅಲರ್ಜಿ, ಈಗಾಗಲೇ ನುಂಗಿದ ಮಾತ್ರೆಗಳ ವಿವರವನ್ನೂ ಕೊಡಿ. ಡ್ರಿಪ್ ಹಾಕಿದ ಮೇಲೆ ಉಸಿರಾಟ ಹೆಚ್ಚಾದರೆ ಅಥವಾ ಮೂತ್ರ ಬಾರದಿದ್ದರೆ ತಕ್ಷಣ ನರ್ಸ್‌ಗೆ ತಿಳಿಸಿ.

ದೊಡ್ಡ ಆಸ್ಪತ್ರೆಗೆ ಯಾವಾಗ?

ಬಿಪಿ ಏರದಿದ್ದರೆ, ಉಸಿರಾಟ ಕೆಟ್ಟರೆ ಸಾಗಿಸಲೇಬೇಕು. ಉಚಿತ ಆಂಬುಲೆನ್ಸ್‌ಗೆ 108 ಕರೆ ಮಾಡಿ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಾಗಲಿ ಬೇರೆಯದಾಗಲಿ, ಹೊರಡುವ ಮೊದಲು ಹಾಸಿಗೆ ಇದೆಯೇ ಎಂದು ಡಾಕ್ಟರಿಂದಲೇ ಫೋನ್ ಮಾಡಿಸಿ. ‘ಮೊದಲ ಡೋಸ್ ಕೊಟ್ಟಿದ್ದೀರಾ? ಎಷ್ಟು ಗಂಟೆಗೆ?’ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ನಿಮ್ಮ ಕೈಯಲ್ಲೇ ಇರಲಿ.